ನಲವತ್ತರ ಊಟ

ಹತ್ತಿಯ ರಾಶಿ ಪಡಸಾಲೆಯ ನಟ್ಟನಡುವೆ, ಹಾಸಿದ ಚಾದರದ ಮೇಲೆ ಇತ್ತು. ಹಿಂಜಿದ್ದು ಗೋಡೆಯ ಕಡೆಗೆ ಮೊಣಕಾಲೆತ್ತರ ಉಬ್ಬಿಕೊಂಡಿತ್ತು. ಹಿಂಜದೆ ಉಳಿದದ್ದು ಬೀಜದ ಚೂರು, ಒಣಗಿದ ಎಲೆಯ ಪುಡಿಗಳನ್ನು ಮೈಗೆ ಹಚ್ಚಿಕೊಂಡು ಬಾಗಿಲ ಕಡೆಗೆ ಕಂದಾಗಿ ಬಿದ್ದಿತ್ತು. ಎರಡರ ನಡುವೆ, ಜಂತಿಯಿಂದ ಹಗ್ಗದಲ್ಲಿ ಇಳಿಬಿಟ್ಟ ಆಳುದ್ದದ ಬಿಲ್ಲು, ಎಂದೂ ಬಾಣವನ್ನು ಕಾಣದ ಪಿಂಜಾರರ ಬಿಲ್ಲು, ಅಲುಗದೆ ನಿಂತಿತ್ತು. ಮಾಳಿಗೆಯ ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲಿನೊಳಗೆ ಹತ್ತಿಯ ಎಳೆಗಳು ತೇಲುತ್ತಿದ್ದವು. ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಬಿಲ್ಲಿನ ಆಚೆ ಒಬ್ಬ ಗಂಡಸು, ಬೆನ್ನು ಮಾತ್ರ ಕಾಣುವಂತೆ ಕುಳಿತಿದ್ದ. ಗೋಡೆಗೆ ತಗಲಿದ ತಗಡಿನ ಟ್ರಂಕಿನ ಮೇಲೆ ಒಬ್ಬ ಹೆಂಗಸು. ಒಳಮನೆಯ ಹೊಸ್ತಿಲಲ್ಲಿ ಚಹಾದ ಬಟ್ಟಲು ಹಿಡಿದು ನಿಂತ ಇನ್ನೊಬ್ಬಳು. ಚಹಾದ ಮೇಲೆ ಕೆನೆ ಕಟ್ಟಿತ್ತು.

ಟ್ರಂಕಿನ ಮೇಲೆ ಕುಳಿತವಳು ಗುಲಾಬಬಿ. ಬೆಳಿಗ್ಗೆಯ ಗಾಡಿಗೆ ಗದಗ ಸ್ಟೇಷನ್ನಿನಲ್ಲಿ ಇಳಿದು, ಟಾಂಗಾದಲ್ಲಿ ಬೆಟಗೇರಿಯ ಈ ಓಣಿಗೆ ಬಂದಿದ್ದಳು. ಬೆನ್ನು ತೋರಿಸಿ ಕುಳಿತವನು ಅವಳ ಅಣ್ಣ ಉಸ್ಮಾನಸಾಬ. ಚಹಾ ಹಿಡಿದವಳು ಅತ್ತಿಗೆ ಅಲ್ಮಾಸಬಿ. ದೇಶ ಒಡೆದ ಮರುವರ್ಷ, ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸದಲ್ಲಿದ್ದ ಗಂಡ ಲಾಡಸಾಬ ಆಚೆಯ ರೈಲ್ವೆಗೆ ಹೋಗುತ್ತೇನೆಂದು ಬರೆದುಕೊಟ್ಟಾಗ ಗುಲಾಬಬಿಗೆ ಹದಿನೇಳು ತುಂಬಿರಲಿಲ್ಲ. ಯಾಕೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಈಗ ಕೇಳೋಣವೆಂದರೆ ಅವನೇ ಇಲ್ಲ. ಕರಾಚಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಯಾ ಆಗಿ ದುಡಿಯುತ್ತಿದ್ದ ಅವಳಿಗೆ ಇದು, ಇಡೀ ಬಾಳಿನಲ್ಲಿ, ತನ್ನದೆನ್ನಬಹುದಾದ ಮೊದಲ ಸೂಟಿ. ಬೇಸಿಗೆಯ ಸೂಟಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಲೋಕರೂಢಿ. ಅವಳ ತವರಿಗೆ ಮಾತ್ರ ಎರಡು ಸರಕಾರಗಳ ಮುದ್ರೆ ಬೇಕಾಯಿತು. ಹುಟ್ಟಿದ ಮನೆಗೆ ಅವಳು ಪರದೇಶದ ಪ್ರವಾಸಿಯಾಗಿ ಬಂದಿದ್ದಳು.

ಮುದ್ರೆಯ ಜೊತೆಗೊಂದು ಕರಾರೂ ಇತ್ತು. ಬಂದ ದಿನ ಸಂಜೆಯೊಳಗೆ ಠಾಣೆಗೆ ಹಾಜರಾಗಬೇಕು. ಇಳಿದುಕೊಂಡ ಮನೆಯ ಯಜಮಾನ ಎದುರಿಗೆ ನಿಂತು 'ಈಕೆ ನನ್ನ ತಂಗಿ, ನನ್ನ ಮನೆಯಲ್ಲಿದ್ದಾಳೆ' ಎನ್ನಬೇಕು. ಎನ್ನದಿದ್ದರೆ, ಬಂದ ದಾರಿಯಲ್ಲೇ ಮರಳುವುದು. ಆ ಒಂದು ಮಾತು ಆಡಬೇಕಾದವನು ಬೆಳಿಗ್ಗೆಯಿಂದ ಬಾಯಿಯನ್ನೇ ಬಿಚ್ಚಿರಲಿಲ್ಲ. ಅವಳನ್ನು ಬರೆದು ಕರೆಸಿದ್ದು ಅವನಲ್ಲ. ಅಲ್ಮಾಸಬಿ ಹೇಳಿ, ಅವಳು ಎತ್ತಿಟ್ಟುಕೊಂಡಿದ್ದ ಹಳೆಯ ವಿಳಾಸಕ್ಕೆ ಮಗ ಜಹಾಂಗೀರ ಬರೆದಿದ್ದ. ಅವನೂ ಅತ್ತೆಯನ್ನು ಬಾಗಿಲಿಗೆ ಮುಟ್ಟಿಸಿ, ಅಪ್ಪನ ಮುಖ ನೋಡುವ ಮುನ್ನವೇ ಮಿಲ್ಲಿಗೆ ಓಡಿದ್ದ.

"ಏನ್ರಿ, ಮಾತಾಡಿದ್ರ ಬಾಯಾಗಿನ ಮುತ್ತ ಉದರ್ತಾವೇನ್ರಿ?" ಎಂದಳು ಅಲ್ಮಾಸಬಿ. "ಠಾಣೆಕ್ಕ ಹೋಗಬೇಕಂತ ನೋಡ್ರಿ. ಹೊತ್ತ ಇಳ್ಯಾಕತ್ತೈತಿ."

"ಕಳಸಾಪುರದವರ ಮದುವಿ ಗಾದಿ," ಎಂದು ಉಸ್ಮಾನಸಾಬ ಬಿಲ್ಲಿಗೆ ಹೇಳಿದ. "ನಾಳಿಗೆ ಕೊಡಬೇಕು." ಕಟ್ಟಿಗೆಯ ಕೊಡತಿಯಿಂದ ಬಿಲ್ಲಿನ ಹೆದೆಯ ಮೇಲೆ ಒಂದು ಪೆಟ್ಟು ಹಾಕಿದ. ಡುಂಯ್ ಎಂದಿತು, ಹತ್ತಿ ಹೌಹಾರಿ ಮೇಲೆದ್ದು ಕುಳಿತಿತು.

ಎಡಗೈಯ ಪೆಟ್ಟು ಅದು. ಗುಲಾಬಬಿ ಬೆಳಿಗ್ಗೆಯಿಂದ ನೋಡುತ್ತಿದ್ದಳು. ಅವಳ ಅಣ್ಣ ಎಡಚನಾಗಿರಲಿಲ್ಲ. ಬಲಗೈಯನ್ನು ಅವನು ಹೆಗಲ ವಸ್ತ್ರದೊಳಗೆ ಸುತ್ತಿ, ನಿದ್ದೆಹೋದ ಕೂಸನ್ನು ಇಟ್ಟುಕೊಂಡಂತೆ ತೊಡೆಯ ಮೇಲೆ ಇಟ್ಟುಕೊಂಡಿದ್ದ.

"ಅಣ್ಣಾ, ನಾ ಏನ್ ತಪ್ಪ ಮಾಡೇನಿ ಹೇಳು. ಹೇಳಿ ಬೈ. ಬೈಸ್ಕೊಳ್ಳಾಕರ ಬಂದಂಗಾಕ್ಕೈತಿ." ಕರಾಚಿಯಲ್ಲಿ ಈ ಮಾತುಗಳನ್ನು ಆಡಲು ಅವಳಿಗೆ ಜೊತೆಯಿರಲಿಲ್ಲ, ಪಾತ್ರೆ ತೊಳೆಯುವಾಗ ಒಬ್ಬಳೇ ಆಡಿಕೊಂಡು ಉಳಿಸಿಕೊಂಡಿದ್ದಳು. "ಅವ್ವನ ಗೋರಿನರ ತೋರ್ಸು."

ಡುಂಯ್. ಡುಂಯ್. ಬೆನ್ನು ಬೆನ್ನಾಗಿಯೇ ಉಳಿಯಿತು.

ಬೆಳಕಿಂಡಿಯ ಬಿಸಿಲ ಕೋಲು ಯಾರೋ ಊದಿದಂತೆ ಆರಿತು. ಮೂವರೂ ತಲೆಯೆತ್ತಿದರು. ಕಪ್ಪತಗುಡ್ಡದ ಕಡೆಯ ಆಕಾಶ ಮಧ್ಯಾಹ್ನದಿಂದ ಹಸಿರುಗಪ್ಪಾಗಿ ಬಾತುಕೊಂಡದ್ದನ್ನು ಒಳಗಿದ್ದವರು ಕಂಡಿರಲಿಲ್ಲ. ಮೊದಲು ಬಂದದ್ದು ಮಣ್ಣಿನ ವಾಸನೆಯಲ್ಲ, ಮಣ್ಣೇ. ಗಾಳಿ ಬಾಗಿಲನ್ನು ಒದ್ದು ಒಳಗೆ ನುಗ್ಗಿತು. ಹಿಂಜಿದ ಹತ್ತಿ ಒಮ್ಮೆಗೇ ಎದ್ದುನಿಂತು, ಜಂತಿಗೆ ಬಡಿದು, ಒಡೆದು, ಪಡಸಾಲೆಯ ಮೂಲೆಮೂಲೆಗೂ ಹಾರಿತು. ಜಗಲಿಯ ಮೇಲಿನ ತಗಡು ಮೊಳೆ ಕಿತ್ತುಕೊಂಡು ಕೀರಲು ದನಿಯಲ್ಲಿ ಚೀರಿ, ಓಣಿಯ ಮೇಲೆ ಹಾಯ್ದು, ಎದುರು ಮನೆಯ ಗೂಟಕ್ಕೆ ಕಟ್ಟಿದ್ದ ಆಡಿನ ಬೆನ್ನನ್ನು ಸೀಳಿ ಹೋಯಿತು. ಆಡಿನ ಕೂಗು ಅರ್ಧಕ್ಕೇ ನಿಂತಿತು. ಯಾರೂ ಹೊಡೆಯದ ಬಿಲ್ಲು ತಾನಾಗಿಯೇ ಗುಂಯ್‌ಗುಡುತ್ತ, ಹಗ್ಗ ಹರಿಯುವಂತೆ ತಿರುಗಿ, ಅಲ್ಮಾಸಬಿಯ ಕೈಯ ಬಟ್ಟಲನ್ನು ಗೋಡೆಗೆ ಅಪ್ಪಳಿಸಿತು.

ಗುಲಾಬಬಿ ಏನು ಮಾಡಿದಳೆಂಬುದು ಅವಳಿಗೇ ಆಮೇಲೆ ತಿಳಿದದ್ದು. ಟ್ರಂಕಿನಿಂದ ಹಾರಿ, ಹತ್ತಿಯ ರಾಶಿಯ ಮೇಲೆ ಕೈಕಾಲು ಚಾಚಿ ಬೋರಲು ಬಿದ್ದಿದ್ದಳು. ಪಿಂಜಾರರ ಮನೆಯ ಮಕ್ಕಳಿಗೆ ಗಾಳಿ ಬಂದಾಗ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಇನ್ನೊಂದು ಬದಿಯಿಂದ ಉಸ್ಮಾನಸಾಬ ಬಿದ್ದಿದ್ದ. ಹತ್ತಿಯೊಳಗೆ ಇಬ್ಬರ ಮುಖಗಳೂ ಒಂದು ಗೇಣಿನ ಅಂತರದಲ್ಲಿದ್ದವು. ಅಣ್ಣನ ಹುಬ್ಬು ನೆರೆತದ್ದನ್ನು ಅವಳು ಆಗ ಕಂಡಳು.

"ಚಾದರದ ತುದಿ ಹಿಡಿ!" ಎಂದು ಅವನು ಅರಚಿದ. ಬೆಳಿಗ್ಗೆಯಿಂದ ತಂಗಿಗೆ ಆಡಿದ ಮೊದಲ ಮಾತು. "ಬಿಗಿ ಹಿಡಿಯಲೇ! ಕಾಲಾಗ ಒತ್ತು!"

ಅವಳು ಹಿಡಿದಳು, ಒತ್ತಿದಳು. ಎದೆಯೊಳಗೆ ಏನೋ ಹಿಗ್ಗಿತು. ಅಷ್ಟರಲ್ಲಿ ಆಲಿಕಲ್ಲು ಸುರುವಾಯಿತು.

ಮಾಳಿಗೆಯ ಮೇಲೆ ಮೊದಲು ಯಾರೋ ಬೊಗಸೆ ಶೇಂಗಾ ಎಸೆದಂತೆ. ಮರುಕ್ಷಣ ಗಾಡಿಗಟ್ಟಲೆ ಕಲ್ಲು ಸುರುವಿದಂತೆ. ಬೆಳಕಿಂಡಿಯ ಗಾಜು ಸಿಡಿದು, ನಿಂಬೆಹಣ್ಣಿನ ಗಾತ್ರದ ಆಲಿಕಲ್ಲುಗಳು ಹತ್ತಿಯೊಳಗೆ ತೊಪತೊಪನೆ ಹೂತುಕೊಂಡವು. ಯಾವುದು ಹತ್ತಿ, ಯಾವುದು ಕಲ್ಲು ಕಣ್ಣಿಗೆ ತಿಳಿಯದು. ಕೈಗೆ ಮಾತ್ರ ಒಂದು ಬೆಚ್ಚಗೆ, ಇನ್ನೊಂದು ಕೊರೆಯುವಂತೆ. ಹೊರಗೆ ಬೇವಿನ ಮರದ ಗಿಳಿಗಳು ಕಾಯಿಗಳಂತೆ ಉದುರುತ್ತಿದ್ದವು. ಆ ಮರ ಹಾದಿಗೆ ಅಡ್ಡ ಉರುಳಿದ ಸದ್ದು, ಎಲ್ಲೋ ಹತ್ತಿರದಲ್ಲೇ ಗೋಡೆಯೊಂದು ಕುಸಿದ ಸದ್ದು. ಅದರ ಹಿಂದೆಯೇ ಬಾಗಿಲಿಗೆ ಮನುಷ್ಯನೊಬ್ಬ ಬಂದು ಬಿದ್ದ.

"ಉಸ್ಮಾನಾ! ಗ್ವಾಡಿ ಬಿತ್ತೋ! ಮಗ್ಗದ ಕುಣ್ಯಾಗ ಎದಿಮಟ ನೀರ!" ಒಳಗೆ ನುಗ್ಗಿದವನು ಪಕ್ಕದ ಮನೆಯ ನೇಕಾರ ಹೇಮಪ್ಪ. ಉಟ್ಟ ಧೋತರದಲ್ಲಿ ನೂಲಿನ ಲಡಿಗಳನ್ನು ಕಟ್ಟಿ ಎದೆಗವಚಿಕೊಂಡಿದ್ದ. ಬೋಳು ತಲೆಯಿಂದ ರಕ್ತ ಹುಬ್ಬಿಗಿಳಿದಿತ್ತು. "ಇದೇನ್ ಮಳಿಯೋ, ಹಡಬಿಟ್ಟಿದ್ದು! ಕೊಲ್ಲಾಕ ಬಂದೈತಿ."

ಗುಲಾಬಬಿ ಹತ್ತಿಯಿಂದ ತಲೆಯೆತ್ತಿದಳು. ಆ ದನಿ, ಆ ಬೈಗಳು. ಮೊದಲ ಬಾರಿಗೆ ಅವಳ ಮುಖದಲ್ಲಿ ನಗೆ ಹುಟ್ಟಿತು. "ಹೇಮ್ಯಾ! ನಿನ್ನ ತಲ್ಯಾಗಿನ ಕೂದಲೆಲ್ಲ ಎಲ್ಲಿ ಮಾರಿದ್ಯೋ?"

ಹೇಮಪ್ಪ ನಿಂತಲ್ಲೇ ಕಂಬವಾದ. ಲಡಿಗಳು ಕೈಯಿಂದ ಜಾರಿ ಒದ್ದೆ ನೆಲದ ಮೇಲೆ ಬಿದ್ದವು. ಹಿಂದೆ ಹಿಂದೆ ಸರಿದು ಬೆನ್ನನ್ನು ಬಾಗಿಲಿಗೆ ಒತ್ತಿಕೊಂಡ.

"ನನ್ನ ಹೇಮ್ಯಾ ಅಂತ ಕರ್ಯಾಕಿ ಸತ್ತ ಹತ್ತ ವರ್ಷ ಆತಲ್ಲೋ ಉಸ್ಮಾನಾ," ಎಂದ, ಕಣ್ಣನ್ನು ಅವಳಿಂದ ಕೀಳದೆ. "ಈಕಿ ನಲವತ್ತರ ಊಟಾ ನಾನ ಉಂಡೇನಲ್ಲೋ! ಎರಡ ಸಲ ಸೀ ಅನ್ನ ಹಾಕಿಸ್ಕೊಂಡ ಉಂಡೇನಿ. ನಿಮ್ಮವ್ವ ನನ್ನ ಮುಂದ ಕುಂತ ಅತ್ತಾಳ."

ಮಳೆಯ ಸದ್ದಿನೊಳಗೂ ಆ ಮಾತು ಎಲ್ಲರಿಗೂ ಕೇಳಿಸಿತು. ಸತ್ತವರ ಹೆಸರಿನಲ್ಲಿ ನಲವತ್ತನೆಯ ದಿನ ಓದಿಸಿ, ಬಂಧುಬಳಗಕ್ಕೆ ಉಣಬಡಿಸಿ, ಸತ್ತವರನ್ನು ಮನೆಯಿಂದ ಕಳುಹಿಸಿಕೊಡುವ ಊಟ ಅದು. ಆ ಊಟವಾದ ಮೇಲೆ ಆ ಹೆಸರಿನವರು ಮನೆಯ ಲೆಕ್ಕದಲ್ಲಿ ಇರುವುದಿಲ್ಲ. ಗುಲಾಬಬಿಯ ಮುಖದ ನಗೆ ಹೋಗಲು ಮರೆತು ಅಲ್ಲೇ ನಿಂತಿತು.

"ಯಾರದು?" ಎಂದಳು. "ಯಾರ ಊಟಾ?"

ಅಲ್ಮಾಸಬಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಅಣ್ಣಾ, ಯಾರ ಊಟಾ?"

"ನಿಂದು," ಎಂದ ಉಸ್ಮಾನಸಾಬ.

"ಅವ್ವಗೂ ಹಂಗ ಹೇಳಿದಿ?"

"ಅವ್ವಗ ಮೊದಲ ಹೇಳಿದ್ನಿ. ಆಕಿ ಅತ್ತರ ಮಂದಿ ನಂಬತಿದ್ರು."

ಅವಳು ಮೊಣಕಾಲ ಮೇಲೆ ಎದ್ದಳು. ಕೂದಲಿಗೆ, ಹುಬ್ಬಿಗೆ, ತುಟಿಗೆ ಹತ್ತಿ ಅಂಟಿತ್ತು. "ಲಡಾಯಿ ಮುಗದ ಅಂಚಿ ಹೊಳ್ಳಿ ಸುರು ಆದ ವರ್ಷ ನನ್ನ ಕಾಗದಾ ಬಂದಿದ್ವಿಲ್ಲ? ಆಗ ಅವ್ವ ಇದ್ಲಲ್ಲ?"

"ಇದ್ಲು."

"ಓದಿ ಹೇಳಿದಿ?"

"ಒಲಿಗೆ ಹಾಕಿದ್ನಿ."

"ಯಾಕ?"

"ಹೇಳಿದ್ರ ಓಣಿಗೆಲ್ಲ ಸಕ್ಕರಿ ಹಂಚತಿದ್ಲು," ಎಂದ ಅವನು, ಹಂಚಿದ್ದನ್ನು ಕಂಡವನಂತೆ. "ಅವ್ವನ ಬಾಯಾಗ ಏನ್ ನಿಂದ್ರತಿತ್ತು? ವಾರಕ್ಕೊಮ್ಮಿ ಜುಮ್ಮಾರಾತಿಗೆ ನಿನ್ನ ಹೆಸರಿಲೆ ಲೋಬಾನದ ಊದ ಹಾಕೋತ, ಹಾಕೋತ ಹೋದ್ಲು."

ಕೊಡತಿ ಅವಳ ಕೈಗೆ ಹೇಗೆ ಬಂತೋ. ಮೊದಲ ಪೆಟ್ಟು ಹೆಗಲಿಗೆ, ಎರಡನೆಯದು ಕಿವಿಯ ಹಿಂದೆ. ಉಸ್ಮಾನಸಾಬ ಹತ್ತಿಯ ಮೇಲೆ ಮಗುಚಿದ. ಅವಳು ಅವನ ಎದೆಯ ಮೇಲೆ ಮೊಣಕಾಲೂರಿ ಹೊಡೆದಳು. ಹೊಡೆತದ ನಡುನಡುವೆ ಅವಳ ಬಾಯಿಂದ ಬರುತ್ತಿದ್ದದ್ದು ಅಳುವೂ ಅಲ್ಲ, ಬೈಗಳೂ ಅಲ್ಲ, ಎರಡಕ್ಕೂ ಮುಂಚಿನ ಯಾವುದೋ ಒಂದು ದನಿ. ಶಾಲೆಯ ಗಂಟೆ ಹೊಡೆದು ಗಟ್ಟಿಯಾದ ಕೈ ಅದು. ಬಿಳಿಯ ಹತ್ತಿಯಲ್ಲಿ ಕೆಂಪು ಮೊದಲು ಚುಕ್ಕೆಯಾಗಿ, ಆಮೇಲೆ ಹೂವಾಗಿ ಅರಳಿತು. ಅಲ್ಮಾಸಬಿ ಹಿಂದಿನಿಂದ ಅವಳ ಜಡೆ ಹಿಡಿದು ಜಗ್ಗಿದಳು. ಹೇಮಪ್ಪ ಕೈ ಹಿಡಿಯಹೋಗಿ ಮೊಣಕೈಯ ತಿವಿತಕ್ಕೆ ಗೋಡೆಗೆ ಬಿದ್ದ. ಕೆಳಗಿದ್ದವನು ಮಾತ್ರ ಕೈಯೆತ್ತಲಿಲ್ಲ. ಮುಖವನ್ನು ಕೂಡ ಮುಚ್ಚಿಕೊಳ್ಳಲಿಲ್ಲ.

"ಹೊಡಿ," ಎಂದ. ಬಾಯಲ್ಲಿ ರಕ್ತವಿತ್ತು. "ಇದನ್ನೂ ಮುರಿ. ಒಂದನ್ನ ಅವರ ಮುರದಾರ, ಇನ್ನೊಂದನ್ನ ನೀ ಮುರಿ. ಜೋಡಿ ಆಕ್ಕೈತಿ."

ಬಲಗೈಯ ವಸ್ತ್ರ ಆ ಹೊರಳಾಟದಲ್ಲಿ ಬಿಚ್ಚಿಹೋಗಿತ್ತು. ಎತ್ತಿದ ಕೊಡತಿಯನ್ನು ಎತ್ತಿದಲ್ಲೇ ಹಿಡಿದು ಗುಲಾಬಬಿ ನೋಡಿದಳು. ಹೆಬ್ಬೆರಳೊಂದು ನೆಟ್ಟಗಿತ್ತು. ಉಳಿದ ನಾಲ್ಕು ಒಂದರ ಮೇಲೊಂದು ಹತ್ತಿಕೊಂಡು, ಉಗುರುಗಳು ತಮಗೆ ತೋಚಿದ ದಿಕ್ಕಿಗೆ ತಿರುಗಿ, ಹಸಿ ಶುಂಠಿಯ ತುಂಡಿನಂತೆ ಕೂಡಿಹೋಗಿದ್ದವು.

"ಲಡಾಯಿ ನಡದ ವರ್ಷ," ಎಂದಳು ಅಲ್ಮಾಸಬಿ, ಹಿಡಿದ ಜಡೆಯನ್ನು ಬಿಡದೆಯೇ. "ಊರಿಗೆ ಊರ ದೀಪಾ ಆರಿಸಿ ಕುಂತಿತ್ತವ್ವಾ. ಆರೇಳ ಮಂದಿ ಬಂದ್ರು. ಮಾರಿ ಕಾಣಲಿಲ್ಲ. 'ನಿನ್ನ ತಂಗಿ ಅಲ್ಲ್ಯದಾಳಲ್ಲ, ಏನೇನ್ ಖಬರ ಕೊಡ್ತಿ ಆಕಿಗೆ' ಅಂದ್ರು. ಅಂಗಳದಾಗಿನ ಒಳ್ಳಕಲ್ಲಿನ ಮ್ಯಾಲ ಕೈ ಇಡಿಸಿದ್ರು. ಒಂದೊಂದ ಬೆರಳ ಜಜ್ಜಿ ಒಮ್ಮೊಮ್ಮಿ ಕೇಳಿದ್ರು."

"ನಾಕನೇ ಬೆರಳಿಗೆ ಅಂದ್ನಿ, ತಂಗಿ ಸತ್ತಾಳ ಅಂತ," ಎಂದ ಉಸ್ಮಾನಸಾಬ. "ಬಿಟ್ರು. ಹೆಬ್ಬಟ್ಟ ಉಳೀತು." ಬಾಯಿಯ ರಕ್ತ ಉಗುಳಿದ. "ಅಂದಿದ್ದನ್ನ ಖರೆ ಮಾಡಬೇಕಾತು ಗುಲಾಬಿ. ಮಾಡದಿದ್ರ ಹೊಳ್ಳಿ ಬರತಿದ್ರು. ಊಟಾ ಇಟ್ಟ ಓಣಿಗೆಲ್ಲ ಕರದ್ನಿ. ಅವರೂ ಬಂದಿರಬೇಕು. ಉಂಡಿರಬೇಕು. ಬಡಿಸಿದಾಂವಾ ನಾನ. ಈ ಎಡಗೈಲೆ ಬಡಿಸಿದ್ನಿ, ಯಾರೂ ಏನೂ ಅನಲಿಲ್ಲ."

ಕೊಡತಿ ಅವಳ ಕೈಯಿಂದ ತಾನಾಗಿ ಕೆಳಗಿಳಿಯಿತು. ಅವಳು ಅಣ್ಣನ ಎದೆಯಿಂದ ಸರಿದು, ಒದ್ದೆ ಹತ್ತಿಯಲ್ಲಿ ಕುಳಿತು, ತನ್ನ ಎರಡೂ ಅಂಗೈಗಳನ್ನು ನೋಡಿಕೊಂಡಳು. ಬೆಳಕಿಂಡಿಯಿಂದ ಈಗ ಬರಿಯ ನೀರು ಬೀಳುತ್ತಿತ್ತು.

ಹೇಮಪ್ಪ ಲಡಿಗಳನ್ನು ಒಂದೊಂದಾಗಿ ಆರಿಸಿಕೊಂಡ. "ನನಗೇನ್ ಗೊತ್ತೋ ಉಸ್ಮಾನಾ. ಒಂದ ಗ್ವಾಡಿ ಆಚಿ ಇದ್ರೂ ಗೊತ್ತಿಲ್ಲ. ಎತ್ತಿನ ಗಾಡಿಗೆ ಸಿಕ್ಕ ಕೈ ಹೋತು ಅಂತಿದ್ದಿ, ಹೌದಂತ ನಂಬಿದ್ನಿ." ಬಾಗಿಲ ತನಕ ಹೋಗಿ ತಿರುಗಿದ. "ಸತ್ತಾಕಿ ಎದ್ದ ಬಂದಾಳ ಅಂತ ಮಂದಿಗೆ ಗೊತ್ತಾದ್ರ ನಿನ್ನ ಗತಿ ಏನಲೇ?"

"ನಿನ್ನ ಬಾಯಿ ನನಗ ಗೊತ್ತೈತಿ, ಹೋಗು," ಎಂದ ಉಸ್ಮಾನಸಾಬ. ಸಿಟ್ಟಿನಿಂದಲ್ಲ.

ಹೇಮಪ್ಪ ಓಣಿಗೆ ಬೇಕೆಂದು ಹೇಳಿರಲಾರ. ಮಗ್ಗದ ಕುಣಿಯ ನೀರು ತೋಡಲು ಕೈಗೂಡಿಸಿದವರ ಮುಂದೆ, ತಲೆಯ ಗಾಯಕ್ಕೆ ಅರಿಸಿನ ಮೆತ್ತಿದವಳ ಮುಂದೆ, ತಡೆಯಲಾರದೆ ಆಡಿರಬೇಕು. ಮಳೆ ಹಿಂದೆಗೆದು, ಇಳಿಬಿಸಿಲು ಒದ್ದೆ ಗೋಡೆಗಳ ಮೇಲೆ ಹಳದಿಯಾಗಿ ಬಿದ್ದಾಗ, ಬಾಗಿಲ ಹೊರಗೆ ಕಾಲುಗಳ ಸಪ್ಪಳ ಸೇರತೊಡಗಿತ್ತು. ಮೊದಲು ಪಿಸುಮಾತು, ಆಮೇಲೆ ನಗೆ.

"ಉಸ್ಮಾನಸಾಬಾ, ಸತ್ತಾಕಿನ್ನ ಒಂಚೂರ ಹೊರಗ ತೋರ್ಸೋ!"

"ಉಂಡಿದ್ದು ಹೊಳ್ಳಿ ಕೊಡಬೇಕೇನ್ರಿ ಈಗ?"

"ನಗಬ್ಯಾಡ್ರಲೇ. ಪಾಕಿಸ್ತಾನದ್ದ ಏನ್ ಖಬರ ತಂದಾಳ ಕೇಳ್ರಿ ಮೊದಲ." ಇದು ಬೇರೆ ದನಿ. ಅದು ಕೇಳಿದ ಮೇಲೆ ನಗುತ್ತಿದ್ದವರು ನಿಂತರು.

ಬಾಗಿಲಿಗೆ ಏನೋ ಬಂದು ಬಡಿಯಿತು. ಇನ್ನೊಂದು ಬಡಿಯಿತು. ಆಲಿಕಲ್ಲೋ, ಬರಿಯ ಕಲ್ಲೋ, ಸದ್ದಿನಿಂದ ತಿಳಿಯುವಂತಿರಲಿಲ್ಲ.

ಗುಲಾಬಬಿ ಎದ್ದಳು. ಮುಖ ಒರಸಿಕೊಂಡು, ಗೂಟದಿಂದ ಬುರಖಾ ತೆಗೆದಳು. "ನಾ ಹೋಗ್ತೇನಿ ಅತ್ತಿಗಿ. ಮನಿ ತಪ್ಪಿ ಬಂದಿದ್ನಿ, ಮಳಿಗೆ ನಿಂತಿದ್ನಿ ಅಂತೇನಿ. ಠಾಣೆದಾಗೂ ಹಂಗ ಅಂತೇನಿ. ರಾತ್ರಿ ಗಾಡಿ ಇರ್ತೈತಿ." ಬುರಖಾದ ಕಸೆ ಕಟ್ಟಿಕೊಂಡಳು. "ಅವ್ವ ನನ್ನ ಮಣ್ಣ ಮಾಡಿ ಹೋಗ್ಯಾಳ. ಆಕಿನ್ನ ಸುಳ್ಳಿ ಮಾಡಾಕ ನಾ ಯಾಕ ಬರ್ಲಿ?"

"ಕುಂಡ್ರು," ಎಂದ ಉಸ್ಮಾನಸಾಬ.

ಅವನು ಗೋಡೆ ಹಿಡಿದು ಎದ್ದುನಿಂತಿದ್ದ. ಕಿವಿಯ ಹಿಂದಿನಿಂದ ಇಳಿದ ರಕ್ತ ಅಂಗಿಯ ಕಾಲರಿನಲ್ಲಿ ಕಂದಾಗಿತ್ತು, ಗಡ್ಡದಲ್ಲಿ ಹತ್ತಿ. ಅಲ್ಮಾಸಬಿ ತಂದ ಒದ್ದೆ ಅರಿವೆಯನ್ನು ಅವನು ಮುಟ್ಟಲಿಲ್ಲ. ಟ್ರಂಕಿನ ಮೇಲಿದ್ದ ತಂಗಿಯ ಕಾಗದಗಳನ್ನು ಎಡಗೈಯಿಂದ ತೆಗೆದು ಅಂಗಿಯೊಳಗೆ, ಎದೆಗೆ ತಾಗುವಂತೆ ಇಟ್ಟುಕೊಂಡ.

"ಹಾದ್ಯಾಗ ಬೇವಿನ ಗಿಡಾ ಬಿದ್ದೈತಿ. ನಿನಗ ದಾಟಾಕ ಆಗಾಂಗಿಲ್ಲ. ಠಾಣೆದಾಗಿನ ದಫೇದಾರನ್ನ ಇಲ್ಲಿಗೇ ಕರಕೊಂಡ ಬರ್ತೇನಿ."

"ಏನಂತ ಹೇಳಿ ಕರೀತಿ?" ಎಂದಳು ಗುಲಾಬಬಿ.

ಅವನು ಟೊಪ್ಪಿಗೆ ಹುಡುಕಿದ, ಅದು ಹತ್ತಿಯಲ್ಲಿ ಎಲ್ಲೋ ಹೂತುಹೋಗಿತ್ತು. ಬರಿದಲೆಯಲ್ಲೇ ಬಾಗಿಲ ಕಡೆಗೆ ನಡೆದ.

"ಏನ್ರಿ, ಒಬ್ಬರ ಹೋಗಬ್ಯಾಡ್ರಿ," ಅಲ್ಮಾಸಬಿ ಅವನ ತೋಳು ಹಿಡಿದಳು. "ಜಹಾಂಗೀರ ಬರ್ಲಿ. ನಿಮ್ಮ ಕಾಲಿಗೆ ಬೀಳ್ತೇನಿ."

"ಆಂವಾ ಬರೂದ್ರಾಗ ಹೊತ್ತ ಮುಣಗತೈತಿ." ತೋಳನ್ನು ಮೆಲ್ಲಗೆ ಬಿಡಿಸಿಕೊಂಡ. "ನಾ ಹೋದ ಮ್ಯಾಲ ಅಗಳಿ ಹಾಕ್ಕೋರಿ. ನನ್ನ ದನಿ ಕೇಳಿದ್ರಷ್ಟ ತಗೀರಿ."

ಬಾಗಿಲು ತೆರೆಯಿತು. ಓಣಿಯೆಲ್ಲ ಆಲಿಕಲ್ಲು ತುಂಬಿ, ಹತ್ತಿ ಹಿಂಜಿ ಹರವಿದಂತೆ ಬೆಳ್ಳಗಿತ್ತು. ಅದರ ಮೇಲೆ ಮಂದಿಯ ನೆರಳುಗಳು ಉದ್ದವಾಗಿ ಈ ಮನೆಯ ಕಡೆಗೇ ಬಿದ್ದಿದ್ದವು. ಮುಂದೆ ನಿಂತವರಲ್ಲಿ ಹೇಮಪ್ಪನೂ ಇದ್ದ. ತಲೆಗೆ ಅರಿವೆ ಸುತ್ತಿಕೊಂಡು ನೆಲ ನೋಡುತ್ತಿದ್ದ. ಮಿಕ್ಕವರ ಮುಖಗಳು ಬೆಳಕಿಗೆ ಬೆನ್ನಾಗಿದ್ದರಿಂದ ಗುಲಾಬಬಿಗೆ ಕಾಣಲಿಲ್ಲ. ಉಸ್ಮಾನಸಾಬ ಹೊಸ್ತಿಲ ಮೇಲೆ ಒಂದು ಗಳಿಗೆ ನಿಂತ. ಆಮೇಲೆ ಮುರಿದ ಕೈಯನ್ನು, ಮುಚ್ಚದೆ, ಗುಂಪಿನಲ್ಲಿ ದಾರಿ ಮಾಡಿಕೊಳ್ಳುವವನಂತೆ ಮುಂದೆ ಚಾಚಿದ.

"ಸರೀರಿ," ಎಂದ. "ನಮ್ಮ ಗುಲಾಬಿ ಬಂದಾಳ ಸೂಟಿಗೆ. ಠಾಣೆದಾಗ ಹೇಳಿ ಬರಬೇಕು. ಹಾದಿ ಬಿಡ್ರಿ."

ಯಾರೂ ಸರಿದದ್ದು ಕಾಣಲಿಲ್ಲ. ಅವನು ಮೆಟ್ಟಿಲಿಳಿದ. ಆಲಿಕಲ್ಲು ಅವನ ಬರಿಗಾಲಿನ ಕೆಳಗೆ ನುರಿಯುವ ಸದ್ದು ಒಂದು ಹೆಜ್ಜೆ, ಎರಡು ಹೆಜ್ಜೆ ಕೇಳಿಸಿತು. ಗುಲಾಬಬಿ ಹೊಸ್ತಿಲ ತನಕ ಬಂದು, ಎರಡೂ ಕದಗಳನ್ನು ಎರಡು ಕೈಗಳಿಂದ ಹಿಡಿದಳು. ಅಣ್ಣನ ಬೆನ್ನು ಕದಗಳ ಸಂದಿನಲ್ಲಿ ಕಿರಿದಾಗುತ್ತ, ಒಂದು ಗೆರೆಯಾಗುತ್ತ ಹೋಯಿತು. ಕದಗಳು ಒಂದಕ್ಕೊಂದು ಕೂಡಿದವು. ಅವಳು ಅಗಳಿಯನ್ನು ಸರಿಸಿದಳು.